ಗಣಪತಿಯ ಕೆಳಗಿನ ಪೆಟ್ಟಿಗೆ

ಕೋಪನ್‌ಹೇಗನ್

ಕಸ್ಟಮ್ಸಿನ ಮನುಷ್ಯ ಸೂಟ್‌ಕೇಸ್ ತೆರೆಯಲು ಹೇಳಿದಾಗ ನನ್ನ ಎದೆ ಡವಡವ ಹೊಡೆದುಕೊಂಡದ್ದು ಮಿಡಿ ಉಪ್ಪಿನಕಾಯಿಗಾಗಿ. ಹೆಂಡತಿ ಅದನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ನನ್ನದೇ ಹೆಗಲಿಗೆ ಹಾಕುವ ಒಂದು ಹಳೆಯ ಬೈರಾಸು ಸುತ್ತಿ, “ಇದು ಒಡೆದರೆ ನೀವು ಅಲ್ಲಿಯೇ ಇದ್ದುಬಿಡಿ, ಮನೆಗೆ ಬರುದು ಬೇಡ” ಎಂದು ಕಳುಹಿಸಿದ್ದಳು. ಆತ ಗಂಟು ಬಿಚ್ಚಿ, ಮುಚ್ಚಳ ತುಸು ಸಡಿಲಿಸಿ, ಮೂಗು ಹತ್ತಿರ ತಂದವನು ಒಮ್ಮೆಲೇ ತಲೆ ಹಿಂದಕ್ಕೆ ಎಳೆದುಕೊಂಡ. ಅದು ಊಟಕ್ಕೆ ಎಂದು ತಿಳಿಸಲು ನಾನು ಬೆರಳು ಚೀಪಿ ತೋರಿಸಿದೆ. ಆತನಿಗೆ ನನ್ನ ಮೇಲೆ ಕನಿಕರ ಹುಟ್ಟಿದ ಹಾಗೆ ಕಂಡಿತು. ಹೋಗು ಎಂದು ಕೈಬೀಸಿದ.

ಅದೇ ಸೂಟ್‌ಕೇಸಿನ ತಳದಲ್ಲಿ, ಬನಿಯನ್ನುಗಳ ನಡುವೆ, ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಯಿತ್ತು. ಆತ ಅಲ್ಲಿಯವರೆಗೆ ಕೈ ಹಾಕಲೇ ಇಲ್ಲ. ನನಗೂ ಅದು ಹೆದರಬೇಕಾದ ವಸ್ತು ಎನಿಸಿರಲಿಲ್ಲ. ಉಪ್ಪಿನಕಾಯಿಗೆ ಹೆದರಿ, ಹೆದರಬೇಕಾದದ್ದನ್ನು ನೆಮ್ಮದಿಯಾಗಿ ದಾಟಿಸಿ, ನಾನು ಸ್ವೀಡನ್ನಿಗೆ ಹೋಗುವ ರೈಲು ಹತ್ತಿದೆ.

ಪೆಟ್ಟಿಗೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಅದು ರಾಡಾರ್ ಡಿಟೆಕ್ಟರ್. ರಸ್ತೆಬದಿಯಲ್ಲಿ ಪೊಲೀಸರು ವೇಗ ಅಳೆಯುವ ಯಂತ್ರ ಇಟ್ಟುಕೊಂಡಿದ್ದರೆ ಅದರ ಅಲೆಗಳನ್ನು ದೂರದಿಂದಲೇ ಹಿಡಿದು, ಕೀಂ ಕೀಂ ಎಂದು ಕೂಗಿ ಡ್ರೈವರನ್ನು ಎಚ್ಚರಿಸುವ ಸಾಧನ. ಮಂಗಳೂರಿನಲ್ಲಿ ಮೂವತ್ತೊಂದು ವರ್ಷದಿಂದ ಕಾರುಗಳ ವೈರಿಂಗ್ ಮಾಡುವವನು ನಾನು. ಅಮೆರಿಕದಿಂದ ಹಿಂತಿರುಗಿದ ಗಿರಾಕಿಯೊಬ್ಬರು, “ಇದು ನಿಮಗಾದರೂ ಉಪಯೋಗಕ್ಕೆ ಬರಲಿ” ಎಂದು ಕೊಟ್ಟುಹೋಗಿದ್ದರು. ನನಗೂ ಉಪಯೋಗಕ್ಕೆ ಬರಲಿಲ್ಲ. ನಮ್ಮಲ್ಲಿ ವೇಗ ತಡೆಯುವ ಕೆಲಸವನ್ನು ರಸ್ತೆಯ ಹೊಂಡಗಳೇ ವಹಿಸಿಕೊಂಡಿದ್ದವು. ಹೊಂಡ ಬರುತ್ತಿದೆ ಎಂದು ಕೂಗುವ ಯಂತ್ರವನ್ನು ಅಮೆರಿಕದವರು ಇನ್ನೂ ಮಾಡಿರಲಿಲ್ಲ.

ಕಾರ್ಲ್‌ಸ್ಕ್ರೂನಾ, ಮೊದಲ ವಾರ

ಎರಡು ಸಾವಿರದ ಏಳನೆಯ ಇಸವಿಯ ಜೂನ್ ತಿಂಗಳು. ನಾನು ಹೋದದ್ದು ಅಕ್ಕನ ಮಗಳು ಶೈಲಾಳ ಮನೆಗೆ. ಅವಳಿಗೆ ಕಾರ್ಲ್‌ಸ್ಕ್ರೂನಾದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವಳ ಗಂಡ ರಘು ಬೆಂಗಳೂರಿನವರು, ಟೆಲಿಕಾಂ ಎಂಜಿನಿಯರು. ನಮ್ಮದು ತುಳು ಮನೆ, ಅವರಿಗೆ ತುಳು ಬಾರದು, ಹಾಗಾಗಿ ಆ ಮನೆಯಲ್ಲಿ ಕನ್ನಡವೇ ರಾಜಿಯ ಭಾಷೆ. ಏಳು ವರ್ಷದ ಮಗಳು ಅನ್ವಿ ಮಾತ್ರ ಆ ರಾಜಿಗೆ ಸಹಿ ಹಾಕಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಿದ್ದಳು, ನಾನು ಮಿಕಮಿಕ ನೋಡಿದರೆ ದಯೆತೋರಿ ಇಂಗ್ಲಿಷಿಗೆ ಇಳಿಯುತ್ತಿದ್ದಳು.

ಎರಡನೆಯ ದಿನ ಅವಳೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ರಸ್ತೆ ದಾಟುವಲ್ಲಿ ಕೆಂಪು ದೀಪವಿತ್ತು. ಆ ಕಡೆ, ಈ ಕಡೆ, ಕಣ್ಣು ಹಾಯಿಸುವಷ್ಟು ದೂರ ಒಂದು ವಾಹನವೂ ಇರಲಿಲ್ಲ. ನಾನು ಕಾಲು ಮುಂದಿಟ್ಟೆ. ಅವಳು ನನ್ನ ಅಂಗಿಯ ತುದಿ ಹಿಡಿದು ಎಳೆದಳು.

“ಅಜ್ಜ, ಇಟ್ಸ್ ರೆಡ್.”

“ಯಾರೂ ಇಲ್ಲ ಅಲ್ವಾ ಮಗಾ?”

“ಬಟ್ ಇಟ್ಸ್ ರೆಡ್.”

ನಿಂತೆ. ಪಕ್ಕದಲ್ಲಿ ಒಬ್ಬ ಮುದುಕಿಯೂ ಅವಳ ನಾಯಿಯೂ ನಿಂತಿದ್ದರು. ನಾಲ್ಕು ಜೀವಗಳು ಖಾಲಿ ರಸ್ತೆಗೆ ಮರ್ಯಾದೆ ಕೊಟ್ಟು ಕಾದೆವು. ನಾಯಿಗೆ ಇರುವಷ್ಟು ಶಿಸ್ತು ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು. ಹತ್ತು ನಿಮಿಷದ ನಂತರ ವಾಪಸು ಬರುವಾಗ ನಾಚಿಕೆ ಮರೆತು ಮತ್ತೆ ಕಾಲಿಟ್ಟೆ, ಮತ್ತೆ ಎಳೆಸಿಕೊಂಡೆ.

ಸಂಜೆ ರಘು ಕಾರಿನಲ್ಲಿ ಊರು ತೋರಿಸಿದರು. ಹಳೆಯ ಸ್ಟೇಷನ್ ವ್ಯಾಗನ್, ಗಟ್ಟಿಮುಟ್ಟಾದ ಗಾಡಿ. ಆದರೆ ರಘು ಅದನ್ನು ಓಡಿಸುತ್ತಿದ್ದ ರೀತಿ ತುಂಬಿದ ಎಣ್ಣೆ ಕೊಪ್ಪರಿಗೆ ಹೊತ್ತವರಂತಿತ್ತು. ಕಣ್ಣು ರಸ್ತೆಗಿಂತ ಹೆಚ್ಚು ಸ್ಪೀಡೋಮೀಟರಿನ ಮುಳ್ಳಿನ ಮೇಲೆ. ಸಮುದ್ರ ಬಂತು, ಯುದ್ಧನೌಕೆಗಳ ಬಂದರು ಬಂತು, ಅವರು ಯಾವುದನ್ನೂ ನೋಡಲಿಲ್ಲ. ನಾನು ಭಾನುವಾರಕ್ಕೊಮ್ಮೆ ಫೋನ್ ಕಾರ್ಡು ಹಾಕಿ, ಆಯಿಲ್ ನೋಡಿದಿರಾ, ಟೈರಿಗೆ ಗಾಳಿ ಸರಿ ಉಂಟಾ ಎಂದು ಮಂಗಳೂರಿನಿಂದಲೇ ಈ ಗಾಡಿಯ ಆರೋಗ್ಯ ವಿಚಾರಿಸುತ್ತಿದ್ದವನು. ಗಾಡಿ ಆರೋಗ್ಯವಾಗಿಯೇ ಇತ್ತು. ಕಾಯಿಲೆ ಇದ್ದದ್ದು ಡ್ರೈವರಿಗೆ.

ಅಡುಗೆಮನೆಯಲ್ಲಿ ಶೈಲಾ ವಿವರಿಸಿದಳು. ನಮ್ಮ ದೇಶದ ಲೈಸೆನ್ಸ್ ಅಲ್ಲಿ ಒಂದು ವರ್ಷ ಮಾತ್ರ ನಡೆಯುತ್ತದಂತೆ. ಆಮೇಲೆ ಅವರ ಪರೀಕ್ಷೆಯನ್ನೇ ಪಾಸು ಮಾಡಬೇಕು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದ ರಘು ಎರಡು ಸಲ ಫೇಲಾದರು. ಒಮ್ಮೆ ಸೈಕಲ್ಲಿನವನಿಗೆ ದಾರಿ ಬಿಡಲಿಲ್ಲವೆಂದು, ಇನ್ನೊಮ್ಮೆ ಹಾರ್ನ್ ಹೊಡೆದರೆಂದು. ಮೂರನೆಯ ಸಲ ಪಾಸಾದರು. ಪಾಸಾದ ಸ್ವಲ್ಪ ದಿನಕ್ಕೇ ಮನೆಗೆ ಕಾಗದ ಬಂತು, ರಸ್ತೆಬದಿಯ ಕ್ಯಾಮೆರಾ ತೆಗೆದ ಫೋಟೋ ಸಮೇತ. ವೇಗ ಮೀರಿದ್ದಕ್ಕೆ ದಂಡ. ಈ ವಿಷಯವನ್ನಷ್ಟೇ ಅವಳು ಫೋನಿನಲ್ಲಿಯೇ ಹೇಳಿದ್ದಳು. ಪೆಟ್ಟಿಗೆ ಹೊತ್ತು ತರುವ ಯೋಚನೆ ನನಗೆ ಬಂದದ್ದು ಅದರಿಂದಲೇ.

“ಹೊಸ ಲೈಸೆನ್ಸಿಗೆ ಎರಡು ವರ್ಷ ಪ್ರೊಬೇಷನ್ ಮಾವ,” ಎಂದಳು. “ಅದರೊಳಗೆ ಇನ್ನೊಂದು ದೊಡ್ಡ ತಪ್ಪಾದ್ರೆ ಲೈಸೆನ್ಸ್ ತೆಗೀತಾರೆ. ಪುನಃ ಮೊದಲಿಂದ ಪರೀಕ್ಷೆ. ಇವರ ಈಗಿನ ಕೆಲಸದಲ್ಲಿ ಮೂರು ಊರಿನ ಟವರ್ ನೋಡ್ಲಿಕ್ಕುಂಟು, ಕಾರಿಲ್ದೆ ಆಗುದಿಲ್ಲ. ಕೆಲಸ ಹೋದ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ಪರ್ಮಿಟ್ಟೂ ಹೋಗ್ತದೆ. ರಾತ್ರಿ ನಿದ್ದೆ ಮಾಡುದಿಲ್ಲ ಇವರು.”

ಎಂಥ ಒಳ್ಳೆಯ ಹುಡುಗ, ಒಂದು ಮುಳ್ಳಿಗೆ ಹೆದರಿ ಬದುಕುವುದೆಂದರೇನು! ಅದೇ ಕ್ಷಣ ನಿರ್ಧರಿಸಿದೆ. ಹೇಳುವುದು ಬೇಡ, ಮಾಡಿ ತೋರಿಸುವುದು. ಯಾರನ್ನೂ ಒಂದು ಮಾತು ಕೇಳದೆ ಉಪಕಾರ ಮಾಡುವುದು ನಮ್ಮ ವಂಶದ ಕಾಯಿಲೆ.

ಕಾರ್ಲ್‌ಸ್ಕ್ರೂನಾ, ಎರಡನೆಯ ಬುಧವಾರ

ಆ ದಿನ ರಘು ಬಸ್ಸಿನಲ್ಲಿ ಆಫೀಸಿಗೆ, ಶೈಲಾ ಸೈಕಲ್ಲಿನಲ್ಲಿ ಆಸ್ಪತ್ರೆಗೆ, ಅನ್ವಿ ಶಾಲೆಯ ರಜಾ ಶಿಬಿರಕ್ಕೆ ಹೋದರು. ಕಾರು ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿತ್ತು. ನಾನು ಮಂಚದ ಕೆಳಗಿನಿಂದ ನನ್ನ ಚೀಲ ಎಳೆದೆ. ಟೆಸ್ಟ್ ಲ್ಯಾಂಪ್, ವೈರ್ ಸುಲಿಯುವ ಇಕ್ಕಳ, ನೈಲಾನ್ ಟೈಗಳು. ಪುರೋಹಿತರು ಪಂಚಪಾತ್ರೆ ಬಿಟ್ಟು ಊರು ದಾಟದ ಹಾಗೆ ನಾನು ಇವನ್ನು ಬಿಟ್ಟು ಎಲ್ಲಿಗೂ ಹೋಗುವವನಲ್ಲ.

ನನ್ನ ಕೆಲಸದ ಬಗ್ಗೆ ನನಗೊಂದು ಜಂಬವಿದೆ, ಒಪ್ಪಿಕೊಳ್ಳುತ್ತೇನೆ. ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಪ್ಲಗ್ ಚುಚ್ಚಿ, ಕರುಳಿನಂತೆ ವೈರ್ ನೇತಾಡಲು ಬಿಡುವವರನ್ನು ಕಂಡರೆ ನನಗಾಗದು. ವೈರ್ ಕಾಣಬಾರದು. ಕಂಡರೆ ಅದು ರಿಪೇರಿ, ಕಾಣದಿದ್ದರೆ ಮಾತ್ರ ಫಿಟ್ಟಿಂಗ್. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸನ್ನು ಟೆಸ್ಟ್ ಲ್ಯಾಂಪಿನಿಂದ ಹುಡುಕಿದೆ. ಇಲ್ಲದಿದ್ದರೆ ನಿಂತ ಗಾಡಿಯ ಬ್ಯಾಟರಿ ಕುಡಿದುಹೋಗುತ್ತದೆ. ಅಲ್ಲಿಂದ ಡ್ಯಾಶ್‌ಬೋರ್ಡಿನ ಬೆನ್ನಿಗೆ ವೈರ್ ಎಳೆದು, ಏರ್‌ಬ್ಯಾಗಿನ ದಾರಿಗೆ ಅಡ್ಡಬರದಂತೆ ಸುತ್ತಿಸಿ, ಗೇಣಿಗೊಂದು ಟೈ ಹಾಕಿದೆ. ಅರ್ಥಿಂಗನ್ನು ಬಾಡಿಯ ಬೋಲ್ಟಿಗೆ ಕೊಟ್ಟೆ.

ಹಿಂದಿನಿಂದ ನೆರಳು ಬಿತ್ತು. ಕೆಳಗಿನ ಮನೆಯ ಸ್ವೆನ್. ಎಪ್ಪತ್ತರ ಹತ್ತಿರದ ಮುದುಕ, ನೌಕಾಪಡೆಯ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಬಂದವನು ಏನೂ ಕೇಳಲಿಲ್ಲ. ಟಾರ್ಚ್ ಹಿಡಿದು ನಿಂತ. ನನಗೆ ಅಂಟುಬಟ್ಟೆಯ ಟೇಪ್ ಬೇಕಾಯಿತು, ಕೈಸನ್ನೆ ಮಾಡಿದೆ, ಒಳಗೆ ಹೋಗಿ ತಂದ. ವೈರಿಗೆ ಅದನ್ನು ಸುತ್ತಿದರೆ ಗಾಡಿ ಕುಲುಕಿದಾಗ ಕಟಕಟ ಸದ್ದು ಬರುವುದಿಲ್ಲ. ನಾನು ಸುತ್ತುವುದನ್ನು ನೋಡಿ ಆತ ಮೊದಲ ಬಾರಿಗೆ ಬಾಯಿ ಬಿಟ್ಟ. “ಸ್ನಿಗ್ತ್,” ಎಂದ. ಚೊಕ್ಕವಾಗಿದೆ ಎಂದರ್ಥ ಎಂದು ಸಂಜೆ ಅನ್ವಿಯಿಂದ ತಿಳಿಯಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ, ದಾಲ್ಚಿನ್ನಿಯ ಬನ್ನು ಕೊಟ್ಟ. ಅಲ್ಲಿನವರು ಇದನ್ನು ಫಿಕಾ ಎನ್ನುತ್ತಾರೆ. ಭಾಷೆಯಿಲ್ಲದೆ ಇಬ್ಬರು ಎಲೆಕ್ಟ್ರಿಷಿಯನ್ನರು ಬಾನೆಟ್ಟಿಗೆ ಒರಗಿ ಕಾಫಿ ಕುಡಿದೆವು. ಆ ಪ್ರವಾಸದ ಅತ್ಯಂತ ಸುಖದ ಅರ್ಧ ಗಂಟೆ ಅದು.

ಕೊನೆಗೆ ಸ್ಕ್ರೂ. ನಮ್ಮೂರಲ್ಲಿ ಕಾರಿನ ಸ್ಟೀರಿಯೋ ಕದಿಯುವವರ ಕಾಟದಿಂದ, ಏನು ಕೂರಿಸಿದರೂ ಸಾಧಾರಣ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂ ಹಾಕುವುದು ನನ್ನ ಪದ್ಧತಿ. ಕಳ್ಳನ ಅಭಿನಯ ಮಾಡಿ ಸ್ವೆನ್‌ಗೆ ತಿಳಿಸಿದೆ. ಆತ ನಕ್ಷತ್ರದಾಕಾರದ ತಲೆಯ, ನಕ್ಷತ್ರದ ನಡುವೆ ಸಣ್ಣ ಮೊಳೆಯಿರುವ ನಾಲ್ಕು ಸ್ಕ್ರೂಗಳನ್ನೂ ಅವನ್ನು ತಿರುಗಿಸುವ ಸ್ಕ್ರೂಡ್ರೈವರಿನ ಬಿಟ್ಟನ್ನೂ ತಂದುಕೊಟ್ಟು, ಗಡಿಯಾರ ನೋಡಿ, ಹನ್ನೆರಡಕ್ಕೆ ಸರಿಯಾಗಿ ಊಟಕ್ಕೆ ಹೋದ. ಪೆಟ್ಟಿಗೆಯನ್ನು ನಾನು ಹೊರಗೆ ತೆಗೆದದ್ದು ಆಮೇಲೆ. ಡ್ಯಾಶ್‌ಬೋರ್ಡಿನ ನಡುಮಧ್ಯೆ, ಸ್ಪೀಕರ್ ಜಾಲರಿಯ ಕೆಳಗೆ ತಗಡಿನ ಪಟ್ಟಿ ಬಗ್ಗಿಸಿ, ಜಾಲರಿಯ ಮೇಲೆ ಪೆಟ್ಟಿಗೆ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದೆ. ಕಂಪನಿಯವರೇ ಕೂರಿಸಿ ಕಳುಹಿಸಿದ ಹಾಗಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥ ಫಿಟ್ಟಿಂಗ್ ಮಾಡಿರಲಿಲ್ಲ.

ಕಾಲ್ಮಾರ್ ದಾಟಿ

ಶುಕ್ರವಾರ ಬೆಳಗ್ಗೆ ಉಪ್ಸಾಲಾಕ್ಕೆ ಹೊರಟೆವು. ಅಲ್ಲಿ ಸಂಶೋಧನೆ ಮಾಡುವ ರಘುವಿನ ಗೆಳೆಯ ಪ್ರಶಾಂತ ಹೊಸ ಮನೆ ಕೊಂಡಿದ್ದರು, ಮರುದಿನ ಗೃಹಪ್ರವೇಶ. ಅವರಿಗೆ ಕೊಡಲೆಂದು ಶೈಲಾ ಒಂದು ಗೇಣೆತ್ತರದ ಹಿತ್ತಾಳೆಯ ಗಣಪತಿ, ಬಟ್ಟೆಹೂವಿನ ಹಾರ ಕಟ್ಟಿಕೊಂಡಿದ್ದಳು. ಆ ಶುಕ್ರವಾರ ಅವರ ಮಿಡ್‌ಸಮ್ಮರ್ ಹಬ್ಬ. ಇಡೀ ದೇಶ ಕದ ಹಾಕಿಕೊಂಡು ಹಳ್ಳಿಗಳಿಗೆ ಹೋಗುತ್ತದೆ.

“ಮಾವ, ಇದೇನು?” ಡ್ಯಾಶ್‌ಬೋರ್ಡ್ ನೋಡಿ ರಘು ಕೇಳಿದರು.

“ಸಣ್ಣ ಉಡುಗೊರೆ. ದಾರಿಯಲ್ಲಿ ಗೊತ್ತಾಗ್ತದೆ.”

“ಥ್ಯಾಂಕ್ಸ್ ಮಾವ. ಕ್ಲಾಕಾ? ಫಿಟ್ಟಿಂಗ್ ಸಕತ್ತಾಗಿದೆ.”

ಹೆಂಡತಿಯ ಸೋದರಮಾವ ಕೊಟ್ಟದ್ದನ್ನು ಹೆಚ್ಚು ಕೆದಕಬಾರದೆಂಬ ಮರ್ಯಾದೆ ಅವರದ್ದು. ಆ ಮರ್ಯಾದೆ ಇಲ್ಲದಿದ್ದರೆ ಈ ಕಥೆ ಪಾರ್ಕಿಂಗಿನಲ್ಲೇ ಮುಗಿಯುತ್ತಿತ್ತು.

ರಸ್ತೆಯಲ್ಲಿ ಅರ್ಧ ಗಂಟೆ ಕಳೆದರೂ ಪೆಟ್ಟಿಗೆ ಉಸಿರೆತ್ತಲಿಲ್ಲ. ನನಗೆ ಕಸಿವಿಸಿ. ಆಗ ಕಂಡಿತು ಒಂದು ನೀಲಿ ಫಲಕ, ಅದರಲ್ಲಿ ಕ್ಯಾಮೆರಾದ ಚಿತ್ರ. ಮುಂದೆ ಕಂಬದ ಮೇಲೊಂದು ಪೆಟ್ಟಿಗೆ. ಮತ್ತೆ ಕೆಲವು ಕಿಲೋಮೀಟರು ಹೋದರೆ ಅದೇ ಚಿತ್ರ, ಅದೇ ಕಂಬ.

“ಆ ಫಲಕ ಎಂತದು?” ಎಂದೆ.

“ಮುಂದೆ ಸ್ಪೀಡ್ ಕ್ಯಾಮೆರಾ ಇದೆ ಅಂತ ಮಾವ.”

“ಅದನ್ನು ಹಾಕಿದ್ದು ಯಾರು?”

“ಗವರ್ನಮೆಂಟೇ.”

ಇಂಥ ಕಡೆ ಅಡಗಿ ಕೂತಿದ್ದೇನೆ, ಹುಷಾರಾಗಿ ಬಾ ಎಂದು ಕಳ್ಳನಿಗೆ ಮೊದಲೇ ತಿಳಿಸುವ ಪೊಲೀಸರು! ನಮ್ಮಲ್ಲಿ ಪೊಲೀಸರು ಮರದ ಮರೆಯಿಂದ ಹಾರಿ ಬೀಳದಿದ್ದರೆ ಅದು ತಪಾಸಣೆಯೇ ಅಲ್ಲ. ನಾನು ಏಳು ಸಮುದ್ರ ದಾಟಿಸಿ ತಂದ ಯಂತ್ರದ ಕೆಲಸವನ್ನು ಇಲ್ಲಿನ ಸರಕಾರ ಒಂದು ತಗಡಿನ ಫಲಕದಿಂದ ಮಾಡಿ ಮುಗಿಸಿತ್ತು. ಪೆಟ್ಟಿಗೆ ಮಾತ್ರ ಆ ಕ್ಯಾಮೆರಾಗಳನ್ನು ಗುರುತಿಸಲೇ ಇಲ್ಲ. ಅಮೆರಿಕದ ಪೊಲೀಸರಿಗೆಂದು ಹುಟ್ಟಿದ ಯಂತ್ರ, ಇಲ್ಲಿಯವರ ಪರಿಚಯ ಅದಕ್ಕಿರಲಿಲ್ಲ.

ಕಾಲ್ಮಾರ್ ದಾಟಿ ಪೆಟ್ರೋಲ್ ಬಂಕಿಗೆ ತಿರುಗಿದೆವು ನೋಡಿ, ಕೀಂ ಕೀಂ ಕೀಂ! ಅನ್ವಿ ಕಿವಿ ಮುಚ್ಚಿಕೊಂಡಳು. ನಾನು ಸೀಟಿನಲ್ಲಿ ಎದ್ದು ಕುಳಿತೆ.

“ನಿಧಾನ ರಘು, ಪೊಲೀಸ್ ಉಂಟು!”

“ಯಾವ ಪೊಲೀಸ್ ಮಾವ?”

ಬಂಕಿನ ಅಂಗಡಿಯ ಗಾಜಿನ ಬಾಗಿಲು ಯಾರೋ ಬಂದಾಗ ತಾನೇ ತೆರೆದುಕೊಂಡಿತು. ಪೆಟ್ಟಿಗೆ ಇನ್ನೂ ಜೋರಾಗಿ ಕೂಗಿತು. ಆ ಬಾಗಿಲಿನ ಕಣ್ಣೂ ಪೊಲೀಸರ ಯಂತ್ರವೂ ಒಂದೇ ಜಾತಿಯ ಅಲೆ ಬಿಡುತ್ತವೆ. ನನ್ನ ಯಂತ್ರ ಸ್ವೀಡನ್ನಿನ ಪೊಲೀಸರನ್ನು ಬಿಟ್ಟು ಸ್ವೀಡನ್ನಿನ ಬಾಗಿಲುಗಳನ್ನು ಹಿಡಿಯುತ್ತಿತ್ತು. ಆದರೂ ನಾನು ಹೆಮ್ಮೆ ಬಿಡಲಿಲ್ಲ. ಅದು ಏನು, ಯಾಕೆ ತಂದೆ ಎಂದು ವಿವರಿಸಿದೆ.

ರಘು ಗಾಡಿಯನ್ನು ಬಂಕಿನ ಹಿಂಬದಿಗೆ ಒಯ್ದು ನಿಲ್ಲಿಸಿದರು. ಮುಖ ಸುಣ್ಣದ ಗೋಡೆಯಾಗಿತ್ತು.

“ಮಾವ, ಇದು ಇಲ್ಲಿ ಬ್ಯಾನ್. ಯೂಸ್ ಮಾಡೋದಲ್ಲ, ಗಾಡೀಲಿ ಇಟ್ಕೊಂಡಿದ್ರೇನೇ ಅಫೆನ್ಸ್. ಥಿಯರಿ ಎಕ್ಸಾಮಲ್ಲಿ ಓದಿದೀನಿ ನಾನು. ಪ್ರೊಬೇಷನ್ನಲ್ಲಿದೀನಿ ಮಾವ ನಾನು.”

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸೊನ್ನೆಯಲ್ಲಿ ನಿಂತ ಸ್ಪೀಡೋಮೀಟರಿನ ಮುಳ್ಳನ್ನೇ ನೋಡುತ್ತಾ ಕುಳಿತರು, ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ತೆಗೆದು ಬಿಸಾಡ್ತೇನೆ, ಈಗಲೇ,” ಎಂದೆ. ಕೈ ಚೀಲಕ್ಕೆ ಹೋಯಿತು. ಚೀಲ ಕಾರ್ಲ್‌ಸ್ಕ್ರೂನಾದ ಮಂಚದ ಕೆಳಗೇ ಉಳಿದಿತ್ತು, ಅದನ್ನು ಬಿಟ್ಟು ನಾನು ಹೊರಟದ್ದು ಅದೇ ಮೊದಲ ಸಲ. ನಕ್ಷತ್ರದ ಸ್ಕ್ರೂಗೆ ಬೇಕಾದ ಬಿಟ್ಟು ಬಂಕಿನಲ್ಲಿ ಇರಲಿಲ್ಲ, ಬೇರೆ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಎಳೆದೆ, ಅಲ್ಲಾಡಿಸಿದೆ, ಶೈಲಾಳ ಉಗುರುಕತ್ತರಿ ಮುರಿದೆ. ಮಂಗಳೂರಿನ ಕಳ್ಳರಿಗೆಂದು ಮಾಡಿದ ಬಂದೋಬಸ್ತು ಮಂಗಳೂರಿನವನಿಗೇ ಬಗ್ಗಲಿಲ್ಲ. ಫ್ಯೂಸ್ ಕಿತ್ತು ಕೂಗನ್ನು ನಿಲ್ಲಿಸಿದೆ, ಅಷ್ಟೇ ಆದದ್ದು.

ಹಿಂದಿರುಗಲು ಬಂದಷ್ಟೇ ದೂರ, ಮುಂದೆ ಹೋದರೂ ಅದೇ ಭಯ. ಟವೆಲ್ ಮುಚ್ಚೋಣವೆಂದಳು ಶೈಲಾ. ಡ್ಯಾಶ್‌ಬೋರ್ಡಿನ ಮೇಲೆ ಟವೆಲ್ ಕಂಡರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದರು ರಘು. ಆಗ ನನ್ನ ತಲೆಗೆ ಹೊಳೆಯಿತು. ಹೊಳೆಯಬಾರದಿತ್ತು.

“ಶೈಲಾ, ಆ ಗಣಪತಿ ಕೊಡು ಮಾರಾಯ್ತಿ.”

ನಮ್ಮಲ್ಲಿ ಕಾರಿನ ಮುಂದೆ ದೇವರಿಲ್ಲದಿದ್ದರೆ ಜನ ವಿಚಿತ್ರವಾಗಿ ನೋಡುತ್ತಾರೆ, ಇದ್ದರೆ ಯಾರೂ ನೋಡುವುದಿಲ್ಲ. ಪೆಟ್ಟಿಗೆಯ ಮೇಲೆ ಅನ್ವಿಯ ಕೆಂಪು ಕರವಸ್ತ್ರ ಹಾಸಿ, ಅದರ ಮೇಲೆ ಗಣಪತಿಯನ್ನು ಕೂರಿಸಿ, ಬಂಕಿನಲ್ಲಿ ಕೊಂಡ ಟೇಪಿನಿಂದ ಬಿಗಿದು, ಸುತ್ತಲೂ ಹಾರ ಇಳಿಬಿಟ್ಟೆ. ಟೇಪಿನ ಅಂಚು ಕಾಣದ ಹಾಗೆ ಹೂವನ್ನು ಸರಿಮಾಡಿದೆ. ಏನೇ ಹೇಳಿ, ಅದನ್ನೂ ಚೊಕ್ಕವಾಗಿಯೇ ಮಾಡಿದೆ.

ಅನ್ವಿ ಎಲ್ಲವನ್ನೂ ಹಿಂದಿನ ಸೀಟಿನಿಂದ ನೋಡುತ್ತಿದ್ದಳು.

“ಅಜ್ಜ, ಈಸ್ ಇಟ್ ಅ ಲೈ?” ಎಂದು ಕೇಳಿದಳು. ನಾನು ಹಾರದ ಇನ್ನೊಂದು ಹೂವನ್ನು ಸರಿಮಾಡಿದೆ.

ನೋರ್‌ಶೋಪಿಂಗ್‌ಗೆ ಮುಂಚೆ

ಹಬ್ಬದ ದಿನವೆಂದು ಪೊಲೀಸರು ರಸ್ತೆಗೆ ಅಡ್ಡ ನಿಂತು ಎಲ್ಲ ಡ್ರೈವರುಗಳ ಉಸಿರು ಪರೀಕ್ಷಿಸುತ್ತಿದ್ದರು. ನಮ್ಮ ಮುಂದೆ ಆರು ಕಾರು. ತಿರುಗಿಸಲು ಜಾಗವಿಲ್ಲ. ಶೈಲಾ ಕಣ್ಣು ಮುಚ್ಚಿ ಗಣಪತಿಯನ್ನೇ ಬೇಡಿಕೊಳ್ಳುತ್ತಿದ್ದಳು. ವಿಘ್ನ ನಿವಾರಿಸಬೇಕಾದ ದೇವರನ್ನು ನಾನು ವಿಘ್ನದ ಮೇಲೆಯೇ ಕೂರಿಸಿ ಟೇಪು ಹಾಕಿದ್ದೆ, ಅವನಾದರೂ ಏನು ಮಾಡಿಯಾನು?

ಯುವತಿಯೊಬ್ಬಳು, ಪೊಲೀಸ್ ಅಧಿಕಾರಿ, ಕಿಟಕಿಯ ಬಳಿ ಬಂದಳು. ರಘು ಊದಿದರು, ಲೈಸೆನ್ಸ್ ತೋರಿಸಿದರು. ಎಲ್ಲ ಸರಿಯಿದೆ, ಹಬ್ಬದ ಶುಭಾಶಯ ಎಂದು ಲೈಸೆನ್ಸ್ ಹಿಂತಿರುಗಿಸಿದಳು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಗಣಪತಿಯ ಮೇಲೆ ಬಿತ್ತು. ಮುಖ ಅರಳಿತು.

“ಎಷ್ಟು ಚಂದ! ಇದು ನಿಮ್ಮ ದೇವರಾ?” ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದಳು.

“ಹೌದು,” ಎಂದೆ.

ಅವಳು ಹಿಂದಿನ ಸೀಟಿಗೆ ಬಗ್ಗಿ, ಅನ್ವಿಯೊಡನೆ ಸ್ವೀಡಿಷ್‌ನಲ್ಲಿ ನಗುತ್ತಾ ಏನೋ ಕೇಳಿದಳು. ಆ ದೇವರು ದಾರಿಯಲ್ಲಿ ನಿಮ್ಮನ್ನು ಕಾಯುತ್ತಾನಾ ಎಂದು ಕೇಳಿದ್ದಂತೆ. ಖಾಲಿ ರಸ್ತೆಯ ಕೆಂಪು ದೀಪಕ್ಕೆ ನಿಲ್ಲುವ ಹುಡುಗಿ ಬಾಯಿ ಬಿಡಲಿಲ್ಲ. ತುಟಿ ಕಚ್ಚಿಕೊಂಡು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಪ್ಪನಿಗೆ ತೊಂದರೆಯಾಗಬಾರದು, ಅಜ್ಜನಿಗೂ ಆಗಬಾರದು, ಸುಳ್ಳೂ ಹೇಳಬಾರದು. ಏಳು ವರ್ಷದ ಮಗುವಿನ ತಲೆಯ ಮೇಲೆ ನಾನು ಹೊರಿಸಿದ ಭಾರ ಅದು.

ನನ್ನಿಂದ ಆಗಲಿಲ್ಲ.

“ಮೇಡಂ,” ಎಂದೆ, “ದೇವರು ನಿಜ. ಕೆಳಗೆ ಇರುವುದು ನನ್ನ ತಪ್ಪು.”

ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ತಂದದ್ದು ನಾನು, ಕೂರಿ‌ಸಿದ್ದು ನಾನು, ಇವರಿಗೆ ಗೊತ್ತಾದದ್ದು ಈ ಬೆಳಗ್ಗೆ, ತೆಗೆಯಲು ಆಗದ ಹಾಗೆ ಮಾಡಿದ್ದೂ ನಾನೇ. ಕಿತ್ತಿಟ್ಟ ಫ್ಯೂಸನ್ನು ಜೇಬಿನಿಂದ ತೆಗೆದು ತೋರಿಸಿದೆ.

ಅವಳ ನಗು ಹೋಯಿತು, ಆದರೆ ದನಿ ಏರಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಲು ಹೇಳಿದಳು. ಗಣಪತಿಯನ್ನು ತೆಗೆಯಲು ತಾನು ಮುಟ್ಟಬಹುದೇ, ನೀವೇ ತೆಗೆಯುತ್ತೀರಾ ಎಂದು ಕೇಳಿದಳು. ನಮ್ಮ ದೇವರ ಮೇಲೆ ನನಗಿಂತ ಅವಳಿಗೇ ಹೆಚ್ಚು ಗೌರವವಿತ್ತು. ಅವಳ ಹಿರಿಯ ಸಹೋದ್ಯೋಗಿ ಪೊಲೀಸ್ ವ್ಯಾನಿನಿಂದ ಬಿಟ್ಟುಗಳ ಡಬ್ಬಿ ತಂದರು. ಅದರಲ್ಲಿ ನಕ್ಷತ್ರ ಇತ್ತು. ಆದರೆ ಅವರಿಗೆ ನನ್ನ ವೈರಿನ ತುದಿಮೊದಲು ಸಿಗಲಿಲ್ಲ. ಜಾಲರಿ ಎತ್ತಿದರು, ಫ್ಯೂಸ್ ಬಾಕ್ಸ್ ನೋಡಿದರು, ತಲೆ ಕೆರೆದುಕೊಂಡರು.

“ನಾನು ತೆಗೆಯಲಾ?” ಎಂದೆ.

ಹೀಗೆ ಪರದೇಶದ ಹೆದ್ದಾರಿಯ ಬದಿಯಲ್ಲಿ, ಇಬ್ಬರು ಪೊಲೀಸರು ಟಾರ್ಚ್ ಹಿಡಿದಿರಲು, ನನ್ನ ಜೀವಮಾನದ ಅತ್ಯುತ್ತಮ ಕೆಲಸವನ್ನು ನಾನೇ ಬಿಚ್ಚಿದೆ. ಒಂದೊಂದೇ ಟೈ ಕತ್ತರಿಸಿದೆ. ವೈರನ್ನು ಉಗುರು ತಾಗದಂತೆ ಹೊರಗೆಳೆದು, ಸುರುಳಿ ಸುತ್ತಿ, ಪೆಟ್ಟಿಗೆಯ ಜೊತೆ ಅವಳ ಕೈಗಿಟ್ಟೆ. ಜಾಲರಿ ಮರಳಿ ಕೂರಿಸಿದಾಗ ಅಲ್ಲೇನಾದರೂ ಇತ್ತೆಂದು ಗುರುತೇ ಸಿಗದಂತಿತ್ತು.

ಅವಳು ಸುರುಳಿಯನ್ನು ತಿರುಗಿಸಿ ನೋಡಿ, ಸಹೋದ್ಯೋಗಿಗೆ ಹೇಳಿದಳು. “ಸ್ನಿಗ್ತ್.”

ದಂಡದ ಕಾಗದ ನನ್ನ ಹೆಸರಿಗೆ, ನನ್ನ ಪಾಸ್‌ಪೋರ್ಟ್ ನೋಡಿ ಬರೆದಳು. ಯಂತ್ರ ಜಪ್ತಿಯಾಯಿತು. ರಘುವಿನ ಲೈಸೆನ್ಸಿಗೆ ಇದರಿಂದ ಏನೂ ಆಗುವುದಿಲ್ಲವೆಂದು ಎರಡು ಸಲ ಹೇಳಿದಳು. ಎರಡನೆಯ ಸಲ ರಘು ದೀರ್ಘವಾಗಿ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಹೊರಡುವಾಗ ಅನ್ವಿಗೆ ಕತ್ತಲಲ್ಲಿ ಹೊಳೆಯುವ ಒಂದು ಬಿಲ್ಲೆ ಕೊಟ್ಟಳು. ಅನ್ವಿ ಅದನ್ನು ಉಪ್ಸಾಲಾ ತಲುಪುವವರೆಗೂ ಬಿಗಿಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಉಪ್ಸಾಲಾ

ಗಣೇಶನ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಎಂಬ ಗಾದೆಯನ್ನು ಮರುದಿನ ಗೃಹಪ್ರವೇಶದ ಊಟದಲ್ಲಿ ನಾನು ಎಷ್ಟು ಬಾಯಿಯಿಂದ ಕೇಳಿದೆನೋ ಲೆಕ್ಕವಿಲ್ಲ. ಶೈಲಾ ನಮಗಿಂತ ಮುಂಚೆಯೇ ಅಡುಗೆಮನೆ ಸೇರಿ ಕಥೆ ಬಡಿಸಿಯಾಗಿತ್ತು. ಸ್ಟಾಕ್‌ಹೋಮಿನ ಕಿಸ್ಟಾದಿಂದ ಬಂದಿದ್ದ ಐಟಿಯವರೊಬ್ಬರು ನನ್ನ ಕೈಕುಲುಕಿ, “ಅಂಕಲ್, ನಮ್ ಕಾರಲ್ಲೂ ಏನಾದ್ರೂ ಫಿಟ್ ಮಾಡ್ತೀರಾ? ಲೀಗಲ್ ಆಗಿರೋದು?” ಎಂದರು. ಹಿತ್ತಾಳೆ ಗಣಪತಿ ದೇವರ ಗೂಡಿನಲ್ಲಿ ಗಂಭೀರವಾಗಿ ಕುಳಿತಿದ್ದ. ಬುಡದಲ್ಲಿ ಟೇಪಿನ ಅಂಟು ಸ್ವಲ್ಪ ಉಳಿದಿತ್ತು, ಅದು ನನಗೆ ಮಾತ್ರ ಕಾಣುತ್ತಿತ್ತು.

ರಘು ನನ್ನೊಡನೆ ಹಿಂದಿನ ದಿನದಿಂದ ಮಾತಾಡಿರಲಿಲ್ಲ. ಊಟವಾದ ಮೇಲೆ ಅವರು ಹಿತ್ತಿಲ ಮೆಟ್ಟಿಲಲ್ಲಿ ಕುಳಿತದ್ದನ್ನು ನೋಡಿ ನಾನೂ ಹೋಗಿ ಕುಳಿತೆ.

“ರಘು, ದೊಡ್ಡ ತಪ್ಪಾಯ್ತು. ಆ ಫೋಟೋ ಕಾಗದದ ವಿಷಯ ಕೇಳಿ ನನಗೆ ಹೊಟ್ಟೆ ಉರಿದುಹೋಗಿತ್ತು. ನಿಮಗೆ ಒಂದು ಸಹಾಯ ಆಗಲಿ ಅಂತ...”

“ಗೊತ್ತು ಮಾವ. ಅದಕ್ಕೇ ಬೈಯಕ್ಕೂ ಆಗ್ತಿಲ್ಲ.”

“ಆದರೆ ಒಂದು ಕೇಳ್ತೇನೆ. ಅಷ್ಟು ದೊಡ್ಡ ಫಲಕ ಇರುವಾಗ ಕ್ಯಾಮೆರಾ ಹೇಗೆ ಗೊತ್ತಾಗಲಿಲ್ಲ ನಿಮಗೆ?”

ರಘು ಹುಲ್ಲಿನ ಎಸಳು ಕಿತ್ತು ಬೆರಳಿಗೆ ಸುತ್ತುತ್ತಾ ಹೇಳಿದರು.

“ಫೋನಲ್ಲಿದ್ದೆ ಮಾವ. ಸಂಡೇ ಆವತ್ತು. ನೀವು ಮಾಡಿದ್ರಿ.”

ನಾನು ಮೆಟ್ಟಿಲಿನಿಂದ ಅರ್ಧ ಎದ್ದು ಮತ್ತೆ ಕುಳಿತೆ.

“ಅದೊಂದನ್ನ ಮಾತ್ರ ನಿಮಗೆ ಹೇಳ್ಬೇಡ ಅಂತ ಶೈಲಾಗೂ ಹೇಳಿದ್ದೆ. ನಿಮ್ ಫೋನ್ ಬಂದ್ರೆ ಖುಷಿ ಆಗುತ್ತೆ ನಮಗೆ. ಗೊತ್ತಾದ್ರೆ ನೀವು ಮಾಡೋದೇ ನಿಲ್ಲಿಸ್ತೀರಿ ಅಂತ.”

“ನಾನು ಆಗ ಎಂತ ಹೇಳ್ತಾ ಇದ್ದೆ ರಘು?”

ಅವರು ನನ್ನ ಮುಖ ನೋಡಿದರು. ಎರಡು ದಿನದಲ್ಲಿ ಮೊದಲ ಬಾರಿಗೆ ಅವರ ತುಟಿಯಂಚು ಅಲುಗಿತು.

“ನಿಧಾನ ಹೋಗಿ ಅಂತ ಹೇಳ್ತಿದ್ರಿ ಮಾವ.”

ಮತ್ತೆ ಕಾರ್ಲ್‌ಸ್ಕ್ರೂನಾ, ಆಮೇಲೆ ಮನೆ

ಹಿಂದಿರುಗಿದ ಮರುದಿನ ಪಾರ್ಕಿಂಗಿನಲ್ಲಿ ಸ್ವೆನ್ ಸಿಕ್ಕಿದ. ಬಿಟ್ಟನ್ನು ವಾಪಸು ಕೊಟ್ಟು, ಅನ್ವಿಯನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು ನಡೆದದ್ದನ್ನು ಹೇಳಿದೆ. ಆತ ತಲೆಯಾಡಿಸುತ್ತಾ ಕೇಳಿದ. ಫೋನ್ ಚಾರ್ಜರಿಗೆ ವೈರ್ ಎಳೆಯುತ್ತಿದ್ದೇನೆಂದು ತಿಳಿದಿದ್ದನಂತೆ. ಏನಕ್ಕೆ ಎಂದು ಒಂದು ಮಾತು ಕೇಳಬಾರದಿತ್ತೇ ಎಂದರೆ, “ನಿಮ್ಮ ಕಾರು, ನಿಮ್ಮ ವಿಷಯ” ಎಂದ. ಮಂಗಳೂರಿನಲ್ಲಿ ಬಾನೆಟ್ ಎತ್ತಿದರೆ ಸಾಕು, ದಾರಿಹೋಕರು ಐದು ಮಂದಿ ನಿಂತು ಎಂತ ಆಯ್ತು ಎಂದು ಕೇಳುತ್ತಾರೆ. ಅದು ನನಗೆ ಯಾವತ್ತೂ ಕಿರಿಕಿರಿ. ಈಗ ಅನಿಸುತ್ತದೆ, ಆ ಐವರಲ್ಲಿ ಒಬ್ಬನಾದರೂ ಆ ಬುಧವಾರ ಅಲ್ಲಿ ಇರಬೇಕಿತ್ತು.

ಹೊರಡುವ ದಿನ ರೈಲ್ವೆ ನಿಲ್ದಾಣದ ಎದುರು ಕೆಂಪು ದೀಪಕ್ಕೆ ನಾನೇ ಮೊದಲು ನಿಂತೆ. ಅನ್ವಿ ನನ್ನ ಅಂಗಿ ಎಳೆಯಲಿಲ್ಲ, ಕೈ ಹಿಡಿದುಕೊಂಡಳು. “ಬಂತು ಅಜ್ಜ, ಗ್ರೀನ್,” ಎಂದಳು. ಅರ್ಧದಷ್ಟಾದರೂ ಕನ್ನಡ.

ಭಾನುವಾರದ ಫೋನನ್ನು ನಾನು ನಿಲ್ಲಿಸಲಿಲ್ಲ. ಆದರೆ ಈಗ ಆಯಿಲ್, ಟೈರು ಏನನ್ನೂ ವಿಚಾರಿಸುವ ಮೊದಲು ಒಂದೇ ಪ್ರಶ್ನೆ: “ಮನೆಯಲ್ಲಿದ್ದೀರಾ, ಕಾರಲ್ಲಿದ್ದೀರಾ?” ಕಾರಲ್ಲಿ ಎಂದರೆ ಮರುಮಾತಿಲ್ಲದೆ ಇಟ್ಟುಬಿಡುತ್ತೇನೆ. ಹೆಂಡತಿ ನಗುತ್ತಾಳೆ. ನಿಧಾನ ಹೋಗಿ ರಘು ಎಂಬ ಮಾತನ್ನು ನಾನು ಹೇಳುವುದು ಆಮೇಲೆ, ಇಟ್ಟ ಫೋನಿಗೆ.